ಸುಮ್ಮನೆ ಹೋಗಿಬರುವುದು

ಹೆಂಗಸರು ಮನೆಯಿಂದ ಹೊರಡಬೇಕಾದರೆ ಒಂದು ಕಾರಣ ಇರಲೇಬೇಕು. ಸೊಪ್ಪು ಮುಗಿದಿರಬೇಕು, ಹಾಲು ಒಡೆದಿರಬೇಕು, ನಾದಿನಿಯ ಮನೆಯ ಗೃಹಪ್ರವೇಶವೋ ಓರಗಿತ್ತಿಯ ಮಗಳ ಸೀಮಂತವೋ ಬಂದಿರಬೇಕು. ಶನಿವಾರವಾದರೆ ಗಾಳಿ ಆಂಜನೇಯನ ಗುಡಿ ಇದ್ದೇ ಇದೆ. ಕಾರಣವೊಂದಿದ್ದರೆ ರಾತ್ರಿ ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಹೋದರೂ ಯಾರೂ ಏನೂ ಅನ್ನುವುದಿಲ್ಲ. ಆದರೆ ‘ಸುಮ್ಮನೆ ಹೋಗಿಬರ್ತೀನಿ’ ಅಂದು ನೋಡಿ. ಮನೆಯಲ್ಲಿ ಎಲ್ಲರೂ ತಲೆ ಎತ್ತುತ್ತಾರೆ. ‘ಸುಮ್ಮನೆ ಅಂದರೆ?’ ಎಂಬ ಪ್ರಶ್ನೆ ಮೂರು ಬಾಯಿಂದ ಒಟ್ಟಿಗೆ ಬರುತ್ತದೆ. ನಮ್ಮ ಮನೆಯವರು ಮೂವತ್ತು ವರ್ಷದಿಂದ ಪ್ರತಿದಿನ ಸಂಜೆ ‘ಸುಮ್ಮನೆ ಒಂದು ರೌಂಡು’ ಹೋಗಿಬರುತ್ತಾರೆ. ಆ ರೌಂಡು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಇಂದಿನವರೆಗೂ ಯಾರೂ ಕೇಳಿಲ್ಲ.

ಈ ‘ಸುಮ್ಮನೆ’ ಎಂಬ ಮಾತು ನನ್ನ ಬಾಯಿಗೆ ಬಂದದ್ದು ಐವತ್ತು ದಾಟಿದ ಮೇಲೆ. ಅದಕ್ಕೆ ಕಾರಣ ಒಂದು ಸೈಕಲ್ಲು.

ನನ್ನ ಮಗಳು ಕೆಲಸದ ಮೇಲೆ ಐರ್ಲೆಂಡಿನ ಡಬ್ಲಿನ್‌ಗೆ ಹೋದಳು. ಹೋಗುವಾಗ ಅವಳ ಗೇರಿನ ಸೈಕಲ್ಲು ವಿಜಯನಗರದ ನಮ್ಮ ಮನೆಯ ಮೆಟ್ಟಿಲ ಕೆಳಗೆ ಉಳಿಯಿತು. ಅದರ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿ, ಅದರ ಹ್ಯಾಂಡಲಿಗೆ ಈರುಳ್ಳಿ ಚೀಲ ನೇತುಹಾಕುವುದು ನಮಗೆ ರೂಢಿಯಾಯಿತು. ಮಗಳು ಅಲ್ಲಿ ಬೇರೊಂದು ಸೈಕಲ್ಲು ಕೊಂಡಳು. ಭಾನುವಾರ ಬಂತೆಂದರೆ ಫೋನಿನಲ್ಲಿ ಚಿತ್ರಗಳು. ಕೆರೆ, ಕೆರೆಯ ಹಿಂದೆ ಗುಡ್ಡ, ಗುಡ್ಡದ ಮೇಲೆ ಮೋಡ, ಮಧ್ಯೆ ಕಲ್ಲುಗೋಡೆಗಳ ಕಿರಿದಾದ ರಸ್ತೆ, ರಸ್ತೆಗೆ ಅಡ್ಡ ಕುರಿ. ಆ ದೇಶದ ಪಶ್ಚಿಮದಲ್ಲಿ ವೆಸ್ಟ್‌ಪೋರ್ಟ್ ಎಂಬ ಊರಿನಿಂದ ಆಕಿಲ್ ಎಂಬ ದ್ವೀಪದ ಕಡೆಗೆ ನಲವತ್ತು ಕಿಲೋಮೀಟರಿಗೂ ಮೀರಿದ ಸೈಕಲ್ ದಾರಿ ಇದೆಯಂತೆ. 1937ರಲ್ಲಿ ಮುಚ್ಚಿದ ರೈಲುಮಾರ್ಗದ ಜಾಡಿನಲ್ಲೇ ಅದನ್ನು ಮಾಡಿದ್ದಾರೆ. ‘ಅಮ್ಮಾ, ಇಲ್ಲಿ ಅರವತ್ತು ಎಪ್ಪತ್ತು ವರ್ಷದ ಅಜ್ಜಿಯರು ನನ್ನನ್ನು ಹಿಂದೆ ಹಾಕಿ ಹೋಗ್ತಾರೆ’ ಎಂದಳು ಒಂದು ದಿನ. ನಾನು ಚಿತ್ರವನ್ನೇ ನೋಡುತ್ತಿದ್ದೆ. ಕೆರೆ, ಗುಡ್ಡ, ಕುರಿ. ‘ಇದೇನೇ ಮಹಾ, ನಮ್ಮ ಮಾಗಡಿ ರೋಡಿನಲ್ಲೂ ಇವೆಯಲ್ಲ’ ಎಂದುಬಿಟ್ಟೆ. ‘ಹಾಗಾದರೆ ಹೋಗಿ ನೋಡು, ಸೈಕಲ್ ಮನೇಲೇ ಇದೆಯಲ್ಲ’ ಎಂದಳು ಮಗಳು. ಮೇಷ್ಟರ ಮಕ್ಕಳಿಗೆ ಮಾತು ಕಲಿಸಬಾರದು ನೋಡಿ.

ಸೈಕಲ್ಲು ನನಗೆ ಹೊಸದಲ್ಲ. ತಿಪಟೂರಿನಲ್ಲಿ ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಗಂಟೆಗೆ ಐವತ್ತು ಪೈಸೆಗೆ ಬಾಡಿಗೆ ಸೈಕಲ್ಲು ಸಿಗುತ್ತಿತ್ತು. ದೊಡ್ಡವರ ಸೈಕಲ್ಲು. ಸೀಟಿಗೆ ಕಾಲು ಎಟುಕದು, ಬಾರಿನ ಕೆಳಗೆ ಒಂದು ಕಾಲು ತೂರಿಸಿ ಡೊಂಕಾಗಿ ತುಳಿಯಬೇಕು. ಅಣ್ಣನೂ ನಾನೂ ಒಂದೇ ವಾರದಲ್ಲಿ ಕಲಿತೆವು. ಆಮೇಲೆ ನಾನು ದೊಡ್ಡವಳಾದೆ. ಲಂಗದ ಮೇಲೆ ದಾವಣಿ ಬಂತು, ಸೈಕಲ್ಲು ಹೋಯಿತು. ಯಾರೂ ಬೈಯಲಿಲ್ಲ, ಬೇಡವೆನ್ನಲೂ ಇಲ್ಲ. ಬಾಡಿಗೆಯ ಐವತ್ತು ಪೈಸೆ ಮಾತ್ರ ನನ್ನ ಕೈಗೆ ಬರುವುದು ನಿಂತಿತು. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳ ಎಷ್ಟೋ ವಿಷಯಗಳು ಹೀಗೇ ಸದ್ದಿಲ್ಲದೆ ಮುಗಿಯುತ್ತಿದ್ದವು.

ಈರುಳ್ಳಿ ಚೀಲ ಇಳಿಸಿ, ಸೈಕಲ್ಲನ್ನು ಮೂಡಲಪಾಳ್ಯದ ಅಂಗಡಿಗೆ ಕೊಂಡೊಯ್ದು ಟ್ಯೂಬು, ಬ್ರೇಕು ಸರಿಮಾಡಿಸಿದೆ. ಅಂಗಡಿಯ ಹುಡುಗ ‘ಯಾರಿಗೆ ಆಂಟಿ, ಮೊಮ್ಮಗನಿಗಾ?’ ಎಂದ. ‘ಹೂಂನಪ್ಪ’ ಎಂದು ಹೇಳಿ ಸೀಟನ್ನು ನನ್ನ ಎತ್ತರಕ್ಕೆ ಇಳಿಸಿಕೊಡಲು ಹೇಳಿದೆ. ಅವನು ನನ್ನನ್ನೂ ಸೀಟನ್ನೂ ನೋಡಿ ನಕ್ಕ. ಪಕ್ಕದ ಬೀದಿಯಲ್ಲಿ ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದ ಗೆಳತಿಯೊಬ್ಬರಿದ್ದಾರೆ. ಅವರ ಮಗನ ಸೈಕಲ್ಲೂ ಹೀಗೇ ಧೂಳು ಹಿಡಿದಿತ್ತು. ಇಬ್ಬರೂ ಸೇರಿ ಬೆಳಿಗ್ಗೆ ಐದೂಮುಕ್ಕಾಲಕ್ಕೆ ಜ್ಞಾನಭಾರತಿ ಆವರಣಕ್ಕೆ ಹೋಗತೊಡಗಿದೆವು. ಮರಗಳಿರುವ ಜಾಗ, ಬೆಳಗಿನ ಹೊತ್ತು ವಾಹನ ಕಡಿಮೆ. ಮೊದಲನೆಯ ದಿನ ನೂರು ಗಜ, ಹತ್ತನೆಯ ದಿನ ಒಂದು ಸುತ್ತು. ದೇಹ ಮರೆತಿರಲಿಲ್ಲ. ಮಂಡಿ ಮಾತ್ರ ಮೊದಲ ವಾರ ಸ್ವಲ್ಪ ಗೊಣಗಿತು.

ಆ ದಿನಗಳಲ್ಲಿ ನನಗೆ ಧೈರ್ಯ ಕೊಟ್ಟವಳು ಒಬ್ಬ ಅಮೆರಿಕದ ಮಹಿಳೆ. ಫ್ರಾನ್ಸಿಸ್ ವಿಲ್ಲರ್ಡ್ ಎಂದು ಹೆಸರು, 1839ರಲ್ಲಿ ಹುಟ್ಟಿದವಳು. ಮೊದಲು ಶಾಲಾ ಶಿಕ್ಷಕಿ, ಆಮೇಲೆ ಮದ್ಯಪಾನ ವಿರೋಧಿ ಚಳವಳಿಯ ನಾಯಕಿ. ಐವತ್ತಮೂರನೆಯ ವಯಸ್ಸಿನಲ್ಲಿ ಆಕೆ ಸೈಕಲ್ ಕಲಿತು, ಸೈಕಲ್ಲಿಗೆ ಗ್ಲಾಡಿಸ್ ಎಂದು ಹೆಸರಿಟ್ಟು, 1895ರಲ್ಲಿ ಅದರ ಬಗ್ಗೆಯೇ ಒಂದು ಪುಸ್ತಕ ಬರೆದಳು. ಆಗಿನ ಕಾಲದ ನೆಲ ಗುಡಿಸುವ ಗೌನು ತೊಟ್ಟು ಆಕೆ ಕಲಿತಿರುವಾಗ, ಚೂಡಿದಾರದ ನಾನು ಹೆದರುವುದೆಂದರೇನು? ಐವತ್ತಮೂರರ ಶಿಕ್ಷಕಿಯರ ಸಂಘಕ್ಕೆ ಆಕೆಯನ್ನೇ ಅಧ್ಯಕ್ಷೆಯನ್ನಾಗಿ ಮನಸ್ಸಿನಲ್ಲೇ ಆರಿಸಿಬಿಟ್ಟೆ.

ನಾವು ಊರ ಹೊರಗೆ ಹೋದ ಮೊದಲ ದಾರಿ ಕೆಂಗೇರಿಯದು. ವಿಜಯನಗರದಿಂದ ಮೈಸೂರು ರಸ್ತೆ ಹಿಡಿದು ಕೆಂಗೇರಿ ದಾಟಿ, ಕುಂಬಳಗೋಡಿನ ಹತ್ತಿರ ಬಲಕ್ಕೆ ತಿರುಗಿದರೆ ರಾಮೋಹಳ್ಳಿ, ಮುಂದೆ ದೊಡ್ಡಾಲದಮರ. ಹೆಚ್ಚುಕಡಿಮೆ ಇಪ್ಪತ್ತು ಕಿಲೋಮೀಟರು. ಭಾನುವಾರ ಬೆಳಿಗ್ಗೆ ಐದೂವರೆಗೆ ಹೊರಟರೆ ಮೈಸೂರು ರಸ್ತೆಯೂ ತಣ್ಣಗಿರುತ್ತದೆ. ಈ ರಸ್ತೆಯುದ್ದಕ್ಕೂ ನಮ್ಮ ಜೊತೆಗೆ ವೃಷಭಾವತಿ ಬರುತ್ತಾಳೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಹೇಳುವ ನದಿ ಅದು. ನದಿಯೆಂದು ಗೊತ್ತಿಲ್ಲದವರು ಮೋರಿ ಎನ್ನುತ್ತಾರೆ. ಬಸ್ಸಿನಲ್ಲಿ ಹೋಗುವಾಗ ನಾಯಂಡಹಳ್ಳಿಯ ಹತ್ತಿರ ಸೆರಗನ್ನು ಮೂಗಿಗೆ ಹಿಡಿದು ಎರಡು ನಿಮಿಷದಲ್ಲಿ ದಾಟಿಬಿಡುತ್ತಿದ್ದೆವು. ಸೈಕಲ್ಲಿನಲ್ಲಿ ಆ ಸೌಕರ್ಯವಿಲ್ಲ, ಎರಡು ಕೈಯೂ ಹ್ಯಾಂಡಲ್ ಮೇಲೆ. ನಮ್ಮ ಬಚ್ಚಲಿನ ನೀರು, ನಮ್ಮ ಬಟ್ಟೆಯ ಸೋಪು, ಕಾರ್ಖಾನೆಗಳ ಬಣ್ಣ ಎಲ್ಲವನ್ನೂ ಹೊತ್ತು ಈಕೆ ಭೈರಮಂಗಲದ ಕೆರೆಗೆ ಹೋಗಿ, ಅಲ್ಲಿಂದ ಮುಂದೆ ಅರ್ಕಾವತಿಯನ್ನು ಸೇರುತ್ತಾಳೆ. ಆ ಕೆರೆಯ ನೀರಿನಲ್ಲೇ ಕೆಳಗಿನ ಹಳ್ಳಿಗಳ ಬೆಳೆ. ಭೂಗೋಳ ಪಾಠದಲ್ಲಿ ಉಪನದಿ ಎಂದರೇನು ಎಂದು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆಸಿದ್ದೇನೆ. ಮೂಗಿನಿಂದ ಕಲಿತದ್ದು ಈಗ.

ಆಲದ ಮರವನ್ನು ಶಾಲೆಯ ಪ್ರವಾಸದಲ್ಲಿ ನೋಡದ ಬೆಂಗಳೂರಿನವರು ಕಡಿಮೆ. ಮೂರು ಎಕರೆಯ ಆಸುಪಾಸು ಹರಡಿದ, ನಾನೂರು ವರ್ಷ ದಾಟಿದ ಮರವೆಂದು ಹೇಳುತ್ತಾರೆ. ಮೂಲ ಕಾಂಡ ರೋಗದಿಂದ ಸತ್ತು ಬಹಳ ವರ್ಷಗಳಾದವು. ಬಿಳಲುಗಳೇ ಬೇರಾಗಿ, ಕಾಂಡವಾಗಿ ಈಗ ನಿಂತಿವೆ. 2024ರ ಮಳೆಗೆ ಅದರ ಒಂದು ಭಾಗ ಉರುಳಿತು. ಉಳಿದದ್ದು ಚೆನ್ನಾಗಿಯೇ ಇದೆ. ಬೆಳಿಗ್ಗೆ ಏಳಕ್ಕೆ ಹೋದರೆ ಅಲ್ಲಿ ಜನಕ್ಕಿಂತ ಮಂಗ ಹೆಚ್ಚು. ತಿಂಡಿಯ ಡಬ್ಬಿಯನ್ನು ಹೊರಗೆ ತೆಗೆಯದೆ, ರಸ್ತೆ ಬದಿಯ ಗಾಡಿಯಲ್ಲಿ ಟೀ ಕುಡಿದು ತಿರುಗಿದರೆ ಒಂಬತ್ತಕ್ಕೆ ಮನೆ. ಇಷ್ಟು ಬೇಗ ಬಂದದ್ದನ್ನು ನೋಡಿ ನಮ್ಮ ಮನೆಯವರು, ‘ಹೋಗಲೇ ಇಲ್ವಾ?’ ಎಂದರು.

ಈ ದಾರಿಯ ಬಗ್ಗೆ ಒಂದು ಮಾತು. 2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಆಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯ ಮೇಲೆ ಸ್ಕೂಟರು, ಆಟೋ, ಟ್ರ್ಯಾಕ್ಟರು, ಎತ್ತಿನ ಗಾಡಿ, ಸೈಕಲ್ಲು ಬರಕೂಡದೆಂದು ನಿಯಮ ಬಂತು. ಅಪಘಾತಗಳು ಅಷ್ಟಾಗಿದ್ದವು, ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗಬಹುದು. ಆದರೆ ಈ ಹೊಸ ರಸ್ತೆಯಲ್ಲಿ ಮೈಸೂರು ಹತ್ತಿರವಾದಷ್ಟೂ ಕುಂಬಳಗೋಡಿನ ಗಾರ್ಮೆಂಟ್ಸ್ ಹುಡುಗಿಗೆ ಎದುರು ಬದಿಯ ಅಂಗಡಿ ದೂರವಾಗಿದೆ. ರಸ್ತೆ ಯಾರಿಗೆ ಎಂಬ ಪ್ರಶ್ನೆ ಕಾರಿನಲ್ಲಿ ಕೂತವರಿಗೆ ಹೊಳೆಯುವುದು ಕಷ್ಟ.

ಎರಡನೆಯ ದಾರಿ ಮಾಗಡಿ ರಸ್ತೆಯದು. ಸುಮನಹಳ್ಳಿ, ಸುಂಕದಕಟ್ಟೆ, ಬ್ಯಾಡರಹಳ್ಳಿ, ಕಡಬಗೆರೆ ಕ್ರಾಸ್, ತಾವರೆಕೆರೆ. ಅಲ್ಲಿಂದ ಮುಂದೆ ತಿಪ್ಪಗೊಂಡನಹಳ್ಳಿ. ಈ ರಸ್ತೆಯ ಏರಿಳಿತ ಬಸ್ಸಿನಲ್ಲಿ ಗೊತ್ತಾಗುವುದಿಲ್ಲ, ಸೈಕಲ್ಲಿನಲ್ಲಿ ಒಂದೊಂದೂ ಲೆಕ್ಕ ಸಿಗುತ್ತದೆ. ಗೇರಿನ ಉಪಯೋಗ ನನಗೆ ತಿಳಿದದ್ದು ಇಲ್ಲಿಯೇ. ಗೇರು ಎಂದರೆ ಜಾದೂ ಅಲ್ಲ. ಏರು ಬಂದಾಗ ಚೈನನ್ನು ಮುಂದಿನ ಚಿಕ್ಕ ಹಲ್ಲುಚಕ್ರಕ್ಕೂ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೂ ಹಾಕಬೇಕು. ಆಗ ಕಾಲು ಹೆಚ್ಚು ಸಲ ತಿರುಗುತ್ತದೆ, ಗಾಲಿ ಕಡಿಮೆ ಉರುಳುತ್ತದೆ. ಹಂಡೆ ತುಂಬಲು ದೊಡ್ಡ ಕೊಡ ಹೊರಲಾರದವಳು ಚಿಕ್ಕ ಬಿಂದಿಗೆಯಲ್ಲಿ ಹೆಚ್ಚು ಸಲ ನೀರು ತರುತ್ತಾಳಲ್ಲ, ಅದೇ ಲೆಕ್ಕ. ಹಂಡೆ ತುಂಬುವುದು ಅಷ್ಟೇ, ಸೊಂಟ ಉಳಿಯುತ್ತದೆ. ಇನ್ನು ಗಾಲಿಯೊಳಗಿನ ಗಾಳಿ. ಅದೂ ಐರ್ಲೆಂಡಿನಿಂದಲೇ ಬಂತೆಂದು ಮಗಳಿಗೆ ಹೇಳಿದೆ. 1888ರಲ್ಲಿ ಬೆಲ್‌ಫಾಸ್ಟಿನಲ್ಲಿದ್ದ ಡನ್‌ಲಪ್ ಎಂಬ ಪಶುವೈದ್ಯ ತನ್ನ ಮಗನ ಮೂರುಗಾಲಿಯ ಸೈಕಲ್ಲಿನ ಕುಲುಕಾಟ ತಪ್ಪಿಸಲು ಗಾಳಿ ತುಂಬಿದ ರಬ್ಬರಿನ ಟೈರು ಮಾಡಿದ. ಅಲ್ಲಿಯವರೆಗೆ ಗಟ್ಟಿ ಗಾಲಿಯ ಮೇಲೆ ಮೂಳೆ ನುಗ್ಗುಮಾಡಿಕೊಂಡೇ ಎಲ್ಲರೂ ಓಡಾಡುತ್ತಿದ್ದರು.

ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯೂ ಕುಮುದ್ವತಿಯೂ ಸೇರುವಲ್ಲಿ 1933ರಲ್ಲಿ ಜಲಾಶಯ ಕಟ್ಟಿದರು. ಚಾಮರಾಜಸಾಗರವೆಂದು ಅದರ ಹೆಸರು. ಅದಕ್ಕೂ ಮೊದಲು ಬೆಂಗಳೂರಿಗೆ ಹೆಸರಘಟ್ಟದ ನೀರು. 1974ರಲ್ಲಿ ಕಾವೇರಿ ಬರುವ ತನಕ ನಮ್ಮ ಊರು ಕುಡಿದದ್ದು ಮುಖ್ಯವಾಗಿ ಅರ್ಕಾವತಿಯ ನೀರನ್ನೇ. ಆಮೇಲೆ ಹೊಳೆಯ ಮೇಲ್ಭಾಗದಲ್ಲಿ ಊರುಗಳು, ಕಾರ್ಖಾನೆಗಳು, ಬೋರ್‌ವೆಲ್ಲುಗಳು ಹೆಚ್ಚಿದವು. ಬರುವ ನೀರು ಕಡಿಮೆಯಾಯಿತು, ಬಂದದ್ದೂ ಕೆಟ್ಟಿತು. 2012ರ ಹೊತ್ತಿಗೆ ಇಲ್ಲಿಂದ ನೀರೆತ್ತುವುದೇ ನಿಂತಿತು. ಒಳ್ಳೆಯ ಮಳೆಯಾದ ವರ್ಷ ನೀರು ಹರಡಿ ನಿಂತದ್ದನ್ನು ದೂರದಿಂದ ನೋಡಿದರೆ ಮಗಳ ಚಿತ್ರಗಳೇ ನೆನಪಾಗುತ್ತವೆ. ನೋಡುವುದಕ್ಕೇನೋ ಚೆಂದ. ಆದರೆ ಕುಡಿಯುವ ನೀರನ್ನು ಬರೀ ನೋಡುವ ನೀರನ್ನಾಗಿ ಮಾಡಿಕೊಂಡೆವಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಈ ಮಾಗಡಿ ರಸ್ತೆ ನನಗೆ ಬೇರೆ ರೀತಿಯಲ್ಲೂ ಪರಿಚಿತ. ತಾವರೆಕೆರೆಯ ಆಚೆಯ ಒಂದು ಪ್ರೌಢಶಾಲೆಯಲ್ಲಿ ಹಲವು ವರ್ಷ ಪಾಠ ಮಾಡಿದವಳು ನಾನು. 2006-07ರಲ್ಲಿ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದಾಗ ನಾನು ಅಲ್ಲಿಯೇ ಇದ್ದೆ. ಲಾರಿಯಲ್ಲಿ ಬಿಡಿಭಾಗ ಬಂದು, ಶಾಲೆಯ ಅಂಗಳದಲ್ಲಿ ಮೂರು ದಿನ ಜೋಡಿಸಿ, ಸಾಲಾಗಿ ನಿಲ್ಲಿಸಿದರು. ಅದಕ್ಕೂ ಮೊದಲು ಏಳನೇ ತರಗತಿ ಮುಗಿದ ಮೇಲೆ ಹೆಣ್ಣುಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿ ಒಂದೊಂದಾಗಿ ಮಾಯವಾಗುತ್ತಿದ್ದವು. ನಾಲ್ಕು ಕಿಲೋಮೀಟರು ನಡೆದು ಬರಬೇಕು, ಸಂಜೆ ಕತ್ತಲಾಗುತ್ತದೆ, ತೋಪಿನ ದಾರಿ, ‘ಸಾಕು ಬಿಡಿ ಮೇಡಂ, ಹೆಸರು ಬರೆಯೋಕೆ ಬರುತ್ತಲ್ಲ’ ಎಂದು ತಂದೆ. ಸೈಕಲ್ಲು ಬಂದ ಮೇಲೆ ಅದೇ ಹುಡುಗಿಯರು ನಾಲ್ಕು ನಾಲ್ಕು ಜನ ಜೊತೆಯಾಗಿ, ಜಡೆ ಹಿಂದೆ ಹಾರಿಸಿಕೊಂಡು, ಗಂಟೆ ಬಾರಿಸುತ್ತ ಬಂದರು. ನಾಲ್ಕು ಕಿಲೋಮೀಟರು ಇಪ್ಪತ್ತು ನಿಮಿಷವಾಯಿತು. ಅದರಲ್ಲಿ ಒಬ್ಬಳು ತಂಗಿಯನ್ನೂ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಬಂದು ಪ್ರೈಮರಿ ಶಾಲೆಗೆ ಬಿಟ್ಟು ನಮ್ಮಲ್ಲಿಗೆ ಬರುತ್ತಿದ್ದಳು. ಮುಂದೆ ಅವಳು ನರ್ಸಿಂಗ್ ಓದಿದಳು.

ಅದೇ 2006ರಲ್ಲಿ ಬಿಹಾರದಲ್ಲೂ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಯೋಜನೆ ಬಂತು. ಅರ್ಥಶಾಸ್ತ್ರಜ್ಞರು ಅದನ್ನು ಅಳೆದು ನೋಡಿದಾಗ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಸುಮಾರು ಮೂರನೆಯ ಒಂದರಷ್ಟು ಏರಿತ್ತು. ಹೆಚ್ಚಿನ ಪರಿಣಾಮ ಆದದ್ದು ಶಾಲೆಯಿಂದ ಮೂರು ಕಿಲೋಮೀಟರಿಗೂ ದೂರದ ಹಳ್ಳಿಗಳಲ್ಲಿ. ಅದಕ್ಕೂ ಮೊದಲು 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಸಾಕ್ಷರತಾ ಆಂದೋಲನ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿತು. ಕಲ್ಲುಕ್ವಾರಿಯ ಹೆಂಗಸರು, ಕೂಲಿಯವರು, ಅಂಗನವಾಡಿಯವರು ಸಾವಿರ ಸಾವಿರ ಜನ ತುಳಿದರು. ಗಂಡನ ಬಿಡುವಿಗೆ ಕಾಯದೆ ಸಂತೆಗೆ ಹೋಗಿಬರುವುದೆಂದರೆ ಏನೆಂದು ಅವರಿಗೇ ಗೊತ್ತು.

ನಮ್ಮ ಯೋಜನೆಯ ಸೈಕಲ್ಲಿನ ಗುಣಮಟ್ಟದ ಬಗ್ಗೆ ದೂರುಗಳಿದ್ದವು, ನಿಜ. ಬ್ರೇಕು ಹಿಡಿಯದವು, ಬಣ್ಣ ಬಿಟ್ಟವು ಬಂದಿದ್ದವು. ಆದರೂ ಬಂದಿದ್ದವು. 2020ರಲ್ಲಿ ಕೋವಿಡ್ ಬಂದಾಗ ವಿತರಣೆ ನಿಂತಿತು. ಶಾಲೆಗಳು ಮತ್ತೆ ತೆರೆದವು, ಸೈಕಲ್ಲು ಮಾತ್ರ ಮುಂದಿನ ಹಲವು ವರ್ಷ ಬರಲಿಲ್ಲ. ಅದೇ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿ ಸಾಹಿಬಾಬಾದಿನ ತನ್ನ ಕಾರ್ಖಾನೆಯಲ್ಲಿ ಕೆಲಸ ನಿಲ್ಲಿಸಿತು. 2023ರ ಜೂನ್‌ನಿಂದ ನಮ್ಮ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು, ಒಳ್ಳೆಯದೇ ಆಯಿತು. ಆದರೆ ಉಚಿತ ಬಸ್ಸು ಹತ್ತಬೇಕಾದರೆ ಮೊದಲು ಬಸ್ಸು ಬರಬೇಕು. ಬಸ್ಸು ಬಾರದ ಹಳ್ಳಿಯ ಹುಡುಗಿ ಏನು ಮಾಡಬೇಕು? ನಾನೀಗ ಆ ಕಡೆ ಸೈಕಲ್ಲಿನಲ್ಲಿ ಹೋಗುವಾಗ ಬೆಳಿಗ್ಗೆ ಚೀಲ ಹೊತ್ತು ನಡೆಯುವ ಹುಡುಗಿಯರನ್ನು ನೋಡುತ್ತೇನೆ. ನನ್ನ ಕೈಯಲ್ಲಿರುವುದು ಇಪ್ಪತ್ತೊಂದು ಗೇರಿನ ಸೈಕಲ್ಲು, ನಾನು ಹೊರಟಿರುವುದು ಸುಮ್ಮನೆ. ಅವರ ಕಾಲಲ್ಲಿ ರಬ್ಬರ್ ಚಪ್ಪಲಿ, ಅವರು ಹೊರಟಿರುವುದು ಓದಲಿಕ್ಕೆ. ಆ ಹೊತ್ತಿಗೆ ಗಂಟೆ ಬಾರಿಸಲು ಮನಸ್ಸಾಗುವುದಿಲ್ಲ.

ಮೂರನೆಯ ದಾರಿ ಸಾವನದುರ್ಗದ್ದು. ಇದು ದೊಡ್ಡದು, ಒಂದು ಕಡೆಗೇ ಐವತ್ತರ ಹತ್ತಿರ. ನಾವು ಇದಕ್ಕೆ ತಯಾರಾಗಲು ಒಂದು ವರ್ಷ ಹಿಡಿಯಿತು. ಹೋಗುವಾಗ ದೊಡ್ಡಾಲದಮರ ದಾಟಿ ಮಂಚನಬೆಲೆಯ ಕಡೆಯಿಂದ, ಬರುವಾಗ ಮಾಗಡಿ ರಸ್ತೆಯಿಂದ. ಮಂಚನಬೆಲೆಯಲ್ಲಿ ಅರ್ಕಾವತಿಗೆ ಇನ್ನೊಂದು ಅಣೆಕಟ್ಟು. ಸುತ್ತ ಗುಡ್ಡ, ನಡುವೆ ನೀರು, ಇಳಿಜಾರಿನಲ್ಲಿ ಗಾಳಿ ಕಿವಿಯ ಹತ್ತಿರ ಹಾಡುತ್ತದೆ. ನೋಡಿ ಮುಂದೆ ಹೋಗಿ, ನೀರಿಗೆ ಮಾತ್ರ ಇಳಿಯಬೇಡಿ. ಈಜಲು ಹೋದ ಎಷ್ಟೋ ಮಕ್ಕಳು ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ದಾರಿಯಲ್ಲಿ ರಾಗಿ ಹೊಲ, ಹಿಪ್ಪುನೇರಳೆ ತೋಟ, ಮಾವಿನ ತೋಪು. ನಡುನಡುವೆ ಜಲ್ಲಿ ತುಂಬಿದ ಲಾರಿ. ಲಾರಿ ಬಂದಾಗ ಪಕ್ಕಕ್ಕೆ ಇಳಿದು ನಿಲ್ಲುವುದೇ ಕ್ಷೇಮ, ಅದರಲ್ಲಿ ಅವಮಾನವೇನಿಲ್ಲ.

ಸಾವನದುರ್ಗ ಏಷ್ಯಾದ ಅತಿದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು. ಸಮುದ್ರಮಟ್ಟದಿಂದ 1226 ಮೀಟರು. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಭಾಗ. ಮಾಗಡಿಯ ಕೆಂಪೇಗೌಡನ ವಂಶದವರ ಕೈಯಿಂದ 1728ರಲ್ಲಿ ಮೈಸೂರಿನವರಿಗೆ, 1791ರ ಡಿಸೆಂಬರಿನಲ್ಲಿ ಟಿಪ್ಪುವಿನಿಂದ ಕಾರ್ನ್‌ವಾಲಿಸನ ಸೈನ್ಯಕ್ಕೆ ಹೋದ ಕೋಟೆ ಇದು. ತಪ್ಪಲಿನಲ್ಲಿ ಸಾವಂದಿ ವೀರಭದ್ರಸ್ವಾಮಿ, ನರಸಿಂಹಸ್ವಾಮಿ ಗುಡಿಗಳು. 1984ರಲ್ಲಿ ತೆರೆಕಂಡ ‘ಎ ಪ್ಯಾಸೇಜ್ ಟು ಇಂಡಿಯಾ’ ಎಂಬ ಇಂಗ್ಲಿಷ್ ಚಿತ್ರದ ಗುಹೆಯ ದೃಶ್ಯಗಳನ್ನು ಈ ಬೆಟ್ಟದಲ್ಲೂ ರಾಮನಗರದ ಕಡೆಯ ಬೆಟ್ಟದಲ್ಲೂ ತೆಗೆದರು. ಆ ಚಿತ್ರದಲ್ಲಿ ಅಡೆಲಾ ಎಂಬ ಹುಡುಗಿ ಒಬ್ಬಳೇ ಸೈಕಲ್ ಹತ್ತಿ, ಯಾರಿಗೂ ಹೇಳದೆ, ಸುಮ್ಮನೆ ಹೊರಡುತ್ತಾಳೆ. ಹಾಳುಬಿದ್ದ ಗುಡಿಯ ಹತ್ತಿರ ಮಂಗಗಳು ಅವಳನ್ನು ಅಟ್ಟಿಸಿಕೊಂಡು ಬರುತ್ತವೆ. ಸಾವನದುರ್ಗದ ಮಂಗಗಳು ನಮ್ಮನ್ನೂ ಅಟ್ಟಿಸಿಕೊಂಡು ಬಂದವು. ಕಾರಣ ಗೆಳತಿಯ ಚೀಲದಲ್ಲಿದ್ದ ಪುಳಿಯೋಗರೆ. ಬೆಟ್ಟ ಹತ್ತಲು ನಾವು ಹೋಗಲಿಲ್ಲ. ದೇವರಿಗೆ ಕೈಮುಗಿದು, ನಿಂಬೆಹಣ್ಣಿನ ಷರಬತ್ತು ಕುಡಿದು, ಎಂಟೂವರೆಗೆ ತಿರುಗಿದೆವು.

ಇಷ್ಟೆಲ್ಲಕ್ಕೂ ನಮ್ಮ ಅತ್ತೆ ಏನೆನ್ನುತ್ತಾರೆ ಎಂದು ನೀವು ಕೇಳುವುದು ನನಗೆ ಗೊತ್ತು. ಅತ್ತೆಗೆ ಈಗ ಎಂಬತ್ತಮೂರು. ಸೊಂಟದ ಮೂಳೆ ಮುರಿದ ಮೇಲೆ ಮಂಚ, ಗಾಲಿಕುರ್ಚಿ, ಕಿಟಕಿ, ಇಷ್ಟೇ ಅವರ ಲೋಕ. ಹಗಲು ನಾನು ಶಾಲೆಯಲ್ಲಿದ್ದಾಗ ಸಹಾಯಕ್ಕೆ ಒಬ್ಬಾಕೆ ಬರುತ್ತಾಳೆ, ಮಿಕ್ಕಂತೆ ಎಲ್ಲ ನಾನೇ. ನೆಂಟರಿಷ್ಟರು ‘ಅತ್ತೆಯನ್ನ ಬಿಟ್ಟು ಸೈಕಲ್ ಹೊಡ್ಕೊಂಡು ಹೋಗ್ತಾಳಂತೆ’ ಎಂದು ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು.

ಅತ್ತೆ ಹುಟ್ಟಿದ್ದು ಮಾಗಡಿಯ ಕಡೆಯ ಒಂದು ಹಳ್ಳಿಯಲ್ಲಿ. ಮದುವೆಯಾಗಿ ಬಂದದ್ದು ರಾಜಾಜಿನಗರಕ್ಕೆ. ಮಾವ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಒಂದು ಭಾನುವಾರ ನಾನು ತಾವರೆಕೆರೆಯಿಂದ ಹೊಸ ಅವರೆಕಾಯಿ ತಂದು ಅವರ ಮಡಿಲಿಗೆ ಸುರಿದೆ. ಅವರು ಒಂದು ಕಾಯಿ ಮೂಸಿ, ‘ಮಾಗಡಿ ಅವರೆ’ ಎಂದರು. ಸೊಗಡಿನಲ್ಲೇ ಗೊತ್ತಾಯಿತು. ಆಮೇಲೆ ಕಾಯಿ ಬಿಡಿಸುತ್ತ ಬಿಡಿಸುತ್ತ, ನಾನು ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೇಳದ ಕಥೆ ಹೇಳಿದರು. ಮದುವೆಯಾದ ಎರಡನೆಯ ವರ್ಷ ಮಾವ ಅವರನ್ನು ರಂಗನಾಥಸ್ವಾಮಿ ತೇರಿಗೆಂದು ಸೈಕಲ್ಲಿನ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ರಾಜಾಜಿನಗರದಿಂದ ಮಾಗಡಿಯವರೆಗೂ ಹೋಗಿದ್ದರಂತೆ. ನಡುವೆ ತಾವರೆಕೆರೆಯಲ್ಲಿ ಇಳಿದು ಬುತ್ತಿ. ಏರು ಬಂದಾಗ ಇಬ್ಬರೂ ನಡಿಗೆ.

‘ಎಷ್ಟು ಚೆನ್ನಾಗಿತ್ತೋ ಅಲ್ವಾ ಅತ್ತೆ’ ಎಂದೆ.

‘ಚೆನ್ನಾಗಿತ್ತಮ್ಮ. ಹೋಗುವಾಗ ರಸ್ತೆಯ ಒಂದು ಮಗ್ಗುಲು ನೋಡಿದೆ, ಬರುವಾಗ ಇನ್ನೊಂದು ಮಗ್ಗುಲು. ಮುಂದುಗಡೆ ಮಾತ್ರ ನೋಡಲಿಲ್ಲ. ಮುಂದುಗಡೆ ನಿಮ್ಮ ಮಾವನ ಬೆನ್ನಿತ್ತಲ್ಲ.’

ಅವರು ದೂರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬೇಗ ಬರಲಿಲ್ಲ.

ಮಗಳಿಗೆ ಇದನ್ನು ಹೇಳಿದಾಗ ಅವಳು ಡೆರ್ವ್ಲಾ ಮರ್ಫಿ ಎಂಬ ಐರಿಷ್ ಲೇಖಕಿಯ ವಿಷಯ ಹೇಳಿದಳು. 1931ರಲ್ಲಿ ಹುಟ್ಟಿದ ಆಕೆಗೆ ಹತ್ತನೆಯ ಹುಟ್ಟುಹಬ್ಬಕ್ಕೆ ಒಂದು ಹಳೆಯ ಸೈಕಲ್ಲೂ ಒಂದು ಭೂಪಟ ಪುಸ್ತಕವೂ ಸಿಕ್ಕಿದವು. ಸೈಕಲ್ಲಿನಲ್ಲೇ ಇಂಡಿಯಾಕ್ಕೆ ಹೋಗುವುದೆಂದು ಆಗಲೇ ನಿಶ್ಚಯಿಸಿದಳು. ಆದರೆ ತಾಯಿಗೆ ಕೈಕಾಲು ಹಿಡಿದುಹೋಗುವ ಸಂಧಿವಾತ. ಹದಿನಾಲ್ಕಕ್ಕೆ ಶಾಲೆ ಬಿಟ್ಟು ತಾಯಿಯ ಸೇವೆಗೆ ನಿಂತವಳು, ತಾಯಿ 1962ರಲ್ಲಿ ತೀರಿಕೊಂಡ ಮೇಲೆ, 1963ರ ಜನವರಿಯ ಹಿಮದಲ್ಲಿ ಒಬ್ಬಳೇ ಹೊರಟು ಇರಾನ್, ಆಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ದೆಹಲಿಗೆ ಬಂದಳು. ಮುಂದೆ ಐದು ವರ್ಷದ ಮಗಳ ಕೈಹಿಡಿದು ನಮ್ಮ ಕೊಡಗಿಗೂ ಬಂದು ಪುಸ್ತಕ ಬರೆದಳು. 2022ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಕೇಳಿ ಸಂತೋಷವಾಯಿತು. ಆದರೆ ಆಕೆಯ ಜೀವನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ದೆಹಲಿಯಲ್ಲ, ಕಾದ ಆ ವರ್ಷಗಳು. ಹಾಸಿಗೆಯಲ್ಲಿದ್ದ ಆ ತಾಯಿ ಮಗಳಿಗೆ ಸ್ಪೇನ್ ಮುಂತಾದ ಕಡೆ ಕೆಲವು ವಾರ ಸೈಕಲ್ಲಿನಲ್ಲಿ ಹೋಗಿಬರಲು ತಾನೇ ಹುರಿದುಂಬಿಸುತ್ತಿದ್ದಳಂತೆ.

ಸೇವೆಗೆ ನಿಂತವಳು ಕಿಟಕಿಯ ಹೊರಗೆ ನೋಡಬಾರದೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಮನೆಯಲ್ಲಿ ಮಲಗಿದವರಿರುವ ಹೆಂಗಸರಿಗೆ ನಾನು ಹೇಳುವುದಿಷ್ಟೇ. ವಾರಕ್ಕೆ ಮೂರು ಗಂಟೆ ಕೇಳಿ ಪಡೆಯಿರಿ. ಆ ಮೂರು ಗಂಟೆ ಮನೆಯ ಗಂಡಸರು ಅಥವಾ ಮಕ್ಕಳು ಮಂಚದ ಹತ್ತಿರ ಕೂರಲಿ. ನಮ್ಮ ಮನೆಯವರು ಈಗ ಭಾನುವಾರ ಬೆಳಿಗ್ಗೆ ತಾಯಿಗೆ ತಾವೇ ಮುಖ ತೊಳೆಸಿ ಕಾಫಿ ಕುಡಿಸುತ್ತಾರೆ. ಮೊದಮೊದಲು ಡಿಕಾಕ್ಷನ್ ನೀರಾಗುತ್ತಿತ್ತು, ಈಗ ಅತ್ತೆಗೆ ಮಗನ ಕಾಫಿಯೇ ರುಚಿ. ಸೈಕಲ್ಲೇ ಆಗಬೇಕೆಂದಿಲ್ಲ. ಆಗುವುದಾದರೆ ಒಬ್ಬರೇ ಹೋಗದೆ ಇಬ್ಬರು ಹೋಗಿ. ಹೆಲ್ಮೆಟ್ಟು, ಒಂದು ಲೀಟರ್ ನೀರು, ಬಾಳೆಹಣ್ಣು, ಒಂದು ಹೆಚ್ಚಿನ ಟ್ಯೂಬು, ಕೈಪಂಪು ಇರಲಿ. ಸೀಟಿನ ಮೇಲೆ ಕೂತು ಪೆಡಲ್ ಕೆಳಗಿದ್ದಾಗ ಕಾಲು ಹೆಚ್ಚುಕಡಿಮೆ ನೀಳವಾಗುವಷ್ಟು ಸೀಟು ಎತ್ತರವಿದ್ದರೆ ಮಂಡಿ ಉಳಿಯುತ್ತದೆ. ಬಿಸಿಲೇರುವ ಮೊದಲು ತಿರುಗಿ. ದುಪಟ್ಟ ಮನೆಯಲ್ಲೇ ಬಿಡಿ, ಅದಕ್ಕೂ ಚೈನಿಗೂ ಆಗಿಬರುವುದಿಲ್ಲ.

ಮನೆಗೆ ಬಂದ ಮೇಲೆ ನನಗೆ ಇನ್ನೊಂದು ಕೆಲಸ ಕಾದಿರುತ್ತದೆ. ಅತ್ತೆಯ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ವರದಿ ಒಪ್ಪಿಸಬೇಕು. ಅವರು ದಾರಿಯನ್ನು ಕ್ರಮವಾಗಿ ಕೇಳುತ್ತಾರೆ. ಕಡಬಗೆರೆ ದಾಟಿದ ಮೇಲೆ ಏನು? ತಾವರೆಕೆರೆಯಲ್ಲಿ ನೀರಿದೆಯಾ? ಹುಣಿಸೆಮರ ಇತ್ತಲ್ಲ, ಕಡಿದರಾ? ಕೆಲವಕ್ಕೆ ಉತ್ತರ ಹೇಳುತ್ತೇನೆ. ಕೆಲವು ಅವರ ಕಾಲದ ಗುರುತುಗಳು, ಅಲ್ಲೀಗ ಲೇಔಟು, ಬಡಾವಣೆಯ ಕಮಾನು. ಅದನ್ನೂ ಮುಚ್ಚಿಡದೆ ಹೇಳುತ್ತೇನೆ. ಹೋದ ವಾರ ಸೈಕಲ್ಲಿನ ಹ್ಯಾಂಡಲಿಗೆ ಫೋನು ಸಿಕ್ಕಿಸುವ ಸ್ಟ್ಯಾಂಡು ಹಾಕಿಸಿದೆ. ತಾವರೆಕೆರೆಯ ಆಚೆ ಸಾವನದುರ್ಗ ಎದುರಿಗೆ ಕಾಣುವ ಒಂದು ತಿರುವಿನಿಂದ ಎಂಟು ನಿಮಿಷ ದಾರಿಯನ್ನು ಹಾಗೇ ಚಿತ್ರ ತೆಗೆದು ತಂದೆ. ಅತ್ತೆ ಕನ್ನಡಕ ಹಾಕಿಕೊಂಡು ಮೂರು ಸಲ ನೋಡಿದರು. ಮೂರನೆಯ ಸಲ, ‘ಇದೇನಮ್ಮ, ರಸ್ತೆ ನಮ್ಮ ಕಡೆಗೇ ಬರುತ್ತಲ್ಲ!’ ಎಂದರು.

ಈ ಭಾನುವಾರ ಮಾಗಡಿಯವರೆಗೂ ಹೋಗಬೇಕೆಂದಿದ್ದೇವೆ. ತಿರುಮಲೆಯ ಗುಡಿಯ ಬೀದಿಯನ್ನು ಪೂರ್ತಿ ತೆಗೆದು ತರಬೇಕೆಂದು ಅತ್ತೆಯ ಅಪ್ಪಣೆಯಾಗಿದೆ.